ಬಿಯಾಟ್ರಿಸ್ ಶಿಲ್ಲಿಂಗ್ ಹಾಕಿಸಿದ ವಾಷರ್

ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಹಳೇ ಕಾರ್ಬೊರೇಟರ್ ಬೈಕನ್ನು ಹೊರತೆಗೆದು ಪೆಟ್ರೋಲ್ ಕಾಕ್ ತಿರುಗಿಸಿದರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುವುದು ಮಂಗಳೂರಿನ ಗ್ಯಾರೇಜುಗಳಿಗೆ ಹೊಸತಲ್ಲ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿನ ಬಟ್ಟಲಿನೊಳಗಿನ ಫ್ಲೋಟ್ ತೇಲಿ ಮೇಲೆ ಬಂದಾಗ ಪಿನ್ ಹೋಗಿ ಪೆಟ್ರೋಲ್ ಬರುವ ತೂತನ್ನು ಮುಚ್ಚಬೇಕು. ಕಸವೋ ತುಕ್ಕೋ ಸಿಕ್ಕಿ ಪಿನ್ ಸರಿಯಾಗಿ ಕೂರದಿದ್ದರೆ ಬಟ್ಟಲು ತುಂಬಿ ಹರಿಯುತ್ತದೆ. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿಗೆ ಎರಡು ಸಲ ತಟ್ಟುವುದು ಇದಕ್ಕೇ. 1940ರಲ್ಲಿ ಬ್ರಿಟನ್ನಿನ ಯುದ್ಧವಿಮಾನಗಳನ್ನು ಕಾಡಿದ್ದೂ ಫ್ಲೋಟ್ ಮತ್ತು ಪಿನ್ನೇ. ಅದಕ್ಕೆ ಮದ್ದು ಕೊಟ್ಟವರು ಮೋಟಾರ್‌ಸೈಕಲ್ ರೇಸರ್ ಬಿಯಾಟ್ರಿಸ್ ಶಿಲ್ಲಿಂಗ್.

1909ರಲ್ಲಿ ಹ್ಯಾಂಪ್‌ಶೈರಿನಲ್ಲಿ ಹುಟ್ಟಿದ ಅವರು 14ನೇ ವಯಸ್ಸಿಗೇ ಬೈಕ್ ಕೊಂಡವರು. ಮ್ಯಾಂಚೆಸ್ಟರಿನಲ್ಲಿ ಎಂಜಿನಿಯರಿಂಗ್ ಓದಿದರು. ಬ್ರೂಕ್‌ಲ್ಯಾಂಡ್ಸ್‌ನ ಕಾಂಕ್ರೀಟ್ ಟ್ರ್ಯಾಕಿನಲ್ಲಿ ರೇಸ್ ನಡುವೆ ಗಂಟೆಗೆ 100 ಮೈಲಿ ಮೀರಿದ ವೇಗದಲ್ಲಿ ಸುತ್ತು ಹಾಕಿದವರಿಗಷ್ಟೇ ಗೋಲ್ಡ್ ಸ್ಟಾರ್ ಸಿಗುತ್ತಿತ್ತು. ಅದನ್ನು ಗೆದ್ದ ಮಹಿಳೆಯರು ಮೂವರೇ, ಅವರಲ್ಲಿ ಶಿಲ್ಲಿಂಗ್ ಒಬ್ಬರು. ಅವರ ನಾರ್ಟನ್ ಬೈಕ್ ಮುಟ್ಟಿದ ಸುತ್ತಿನ ವೇಗ 106 ಮೈಲಿ, ಅಂದರೆ ಸುಮಾರು 170 ಕಿ.ಮೀ. 1936ರಲ್ಲಿ ಫಾರ್ನ್‌ಬರೋದ ವಿಮಾನ ಸಂಶೋಧನಾ ಸಂಸ್ಥೆಗೆ ಸೇರಿದರು.

ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಎಂಜಿನ್ನಿಗಿದ್ದದ್ದು ಕಾರ್ಬೊರೇಟರ್. ಜರ್ಮನ್ನರ ಮೆಸ್ಸರ್‌ಸ್ಮಿಟ್ 109ಕ್ಕೆ ಫ್ಯೂಯೆಲ್ ಇಂಜೆಕ್ಷನ್, ಅಂದರೆ ಬಟ್ಟಲು-ಫ್ಲೋಟ್ ಇಲ್ಲದೆ ಪಂಪೇ ಪೆಟ್ರೋಲ್ ಚಿಮ್ಮಿಸುವ ಏರ್ಪಾಡು. ಜರ್ಮನ್ ಪೈಲಟ್ ಮೂತಿ ತಗ್ಗಿಸಿ ಧುಮುಕಿದರೆ ಬೆನ್ನಟ್ಟಿದವನ ಎಂಜಿನ್ ಮುಗ್ಗರಿಸುತ್ತಿತ್ತು. ಮೂತಿ ದಿಢೀರನೆ ಕೆಳಗಾದಾಗ ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಜೆಟ್ಟಿಗೆ (ಎಂಜಿನ್ನಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿಗೆ) ಏನೂ ಸಿಗದು. ಅದು ಕ್ಷಣದ ಮಾತು. ದೊಡ್ಡ ಕಾಟ ಅದರ ಬೆನ್ನಿಗೇ ಬರುತ್ತಿತ್ತು: ಫ್ಲೋಟ್ ಲೆಕ್ಕ ತಪ್ಪಿ ಪಿನ್ ಪೂರ್ತಿ ತೆರೆದುಕೊಂಡು, ಪಂಪ್ ದೂಡಿದ ಪೆಟ್ರೋಲೆಲ್ಲ ಒಳನುಗ್ಗಿ, ಎಂಜಿನ್ ಕಪ್ಪು ಹೊಗೆ ಕಕ್ಕಿ ಕಟ್ಟಿಕೊಳ್ಳುತ್ತಿತ್ತು.

ಹೊಸ ಕಾರ್ಬೊರೇಟರ್ ಬರುವ ತನಕ ಯುದ್ಧ ಕಾಯುವುದಿಲ್ಲ. ಶಿಲ್ಲಿಂಗ್ ಪೆಟ್ರೋಲ್ ಲೈನಿಗೆ ತೂತಿರುವ ಒಂದು ರಿಸ್ಟ್ರಿಕ್ಟರ್, ಅಂದರೆ ಹರಿವಿಗೆ ಮಿತಿ ಹಾಕುವ ತಡೆ, ಹಾಕಿಸಿದರು; ಮುಂದೆ ಅದು ಬರೀ ಚಪ್ಪಟೆ ವಾಷರ್ ಆಯಿತು. ಜಾಣ್ಮೆಯೆಲ್ಲ ತೂತಿನ ಅಳತೆಯಲ್ಲಿತ್ತು. ಚಿಕ್ಕದಾದರೆ ಫುಲ್ ಥ್ರಾಟಲಿನಲ್ಲಿ ಎಂಜಿನ್ ಸೊರಗುತ್ತದೆ, ದೊಡ್ಡದಾದರೆ ಬಟ್ಟಲು ಮತ್ತೆ ತುಂಬಿ ಹರಿಯುತ್ತದೆ. ಹಾಗಾಗಿ 12 ಮತ್ತು 15 ಪೌಂಡ್ ಬೂಸ್ಟಿನ (ಎಂಜಿನ್ನಿಗೆ ಗಾಳಿ ತುರುಕುವ ಒತ್ತಡದ) ಎಂಜಿನ್ನುಗಳಿಗೆ ಬೇರೆ ಬೇರೆ ಅಳತೆ. (ಮಣಿಪಾಲ, ಸುರತ್ಕಲ್ಲಿನ ವಿದ್ಯಾರ್ಥಿಗಳು ಬಲ್ಲ, ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಪೆಟ್ರೋಲ್ ಕಾರುಗಳ 20 ಮಿ.ಮೀ. ರಿಸ್ಟ್ರಿಕ್ಟರ್ ತಡೆಯುವುದು ಗಾಳಿಯನ್ನು, ಇದು ಪೆಟ್ರೋಲನ್ನು.)

1941ರಲ್ಲಿ ಶಿಲ್ಲಿಂಗ್ ತಮ್ಮ ನಾರ್ಟನ್ ಏರಿ, ತಂಡದೊಂದಿಗೆ ವಾಯುನೆಲೆಗಳನ್ನು ಸುತ್ತಿ ಇದನ್ನು ಕೂರಿಸಿದರು. ಅದಕ್ಕಾಗಿ ವಿಮಾನಗಳನ್ನು ಸೇವೆಯಿಂದ ಹಿಂದೆಗೆಯಬೇಕಾಗಿರಲಿಲ್ಲ. ರೇಸ್ ಬೈಕಿನ ಕಾರ್ಬೊರೇಟರನ್ನು ಕೈಯಾರೆ ಟ್ಯೂನ್ ಮಾಡಿದವರಿಗೇ ಹೊಳೆಯುವ ಉಪಾಯವಿದು. ಜೆಟ್ ಬರಿದಾಗುವ ಆ ಮೊದಲ ಕ್ಷಣದ ಮುಗ್ಗರಿಕೆ ಮಾತ್ರ ಉಳಿಯಿತು. ಪೂರ್ತಿ ಪರಿಹಾರಕ್ಕೆ ಫ್ಲೋಟಿನ ಹಂಗಿಲ್ಲದ 1943ರ ಪ್ರೆಶರ್ ಕಾರ್ಬೊರೇಟರ್ ಬರಬೇಕಾಯಿತು.