ಸರ್ವರ್‌ಗೆ ಹೆಸರಿಟ್ಟಾಯ್ತು, ಕರೆದರೆ ಓಗೊಡುವುದಿಲ್ಲ

ಕಳೆದ ಮಳೆಗಾಲದಲ್ಲಿ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯ ಒಂದು ಸಣ್ಣ ಆಫೀಸಿನಿಂದ ಫೋನು ಬಂತು. “ಸರ್ವರ್ ಹೋಯ್ತು ಮಾರಾಯ್ರೇ, ಯಾವ ಕಂಪ್ಯೂಟರಲ್ಲೂ ಬಿಲ್ಲು ಓಪನ್ ಆಗುವುದಿಲ್ಲ.” ಹೋಗಿ ನೋಡಿದರೆ ಸರ್ವರು, ಅಂದರೆ ಎಲ್ಲರ ಬಿಲ್ಲು ಇಟ್ಟುಕೊಂಡ ಕಂಪ್ಯೂಟರು, ಮೂಲೆಯಲ್ಲಿ ತನ್ನ ಪಾಡಿಗೆ ಗುಂಯ್ ಅಂತ ಓಡುತ್ತಿತ್ತು. ರಾತ್ರಿ ಗುಡುಗು ಸಿಡಿಲಿಗೆ ಕರೆಂಟು ಹೋಗಿ ಬಂದು, ರೂಟರ್ ಹೊಸದಾಗಿ ಶುರುವಾಗಿ, 192.168.1.14 ಅನ್ನುವ ಐಪಿ (ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ನಂಬರು) ಇದ್ದ ಸರ್ವರಿಗೆ 192.168.1.9 ಕೊಟ್ಟಿತ್ತು, ಅಷ್ಟೇ. ಐದೂ ಮಾನಿಟರುಗಳ ಮೂಲೆಯಲ್ಲಿ ಹಳೇ ನಂಬರಿನ ಚೀಟಿ ಸೆಲ್ಲೋಟೇಪ್ ಹಾಕಿಸಿಕೊಂಡು ಕೂತಿತ್ತು.

ರೂಟರಿನಲ್ಲಿ ಸರ್ವರಿನ ಮ್ಯಾಕ್ ವಿಳಾಸಕ್ಕೆ (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರು) ಒಂದೇ ಐಪಿ ಕಾಯ್ದಿರಿಸಿದೆ. ಅದು ಎರಡು ನಿಮಿಷದ ಕೆಲಸ. ಆದರೆ ಜನ ನಂಬರು ನೆನಪಿಟ್ಟುಕೊಳ್ಳುವುದು ಯಾಕೆ, ಹೆಸರು ಹಿಡಿದೇ ಕರೆಯಲಿ ಅನ್ನಿಸಿತು.

ಇಲ್ಲೇ ಜಾಸ್ತಿ ಜನ ಎಡವುವುದು. “ಹೋಸ್ಟ್‌ನೇಮ್‌ಸಿಟಿಎಲ್ ಸೆಟ್-ಹೋಸ್ಟ್‌ನೇಮ್” ಅಂತ ಕಮಾಂಡ್ ಹೊಡೆದು ಮುಂದೆ ಹೆಸರು ಬರೆದರೆ ಹೆಸರೇನೋ ಬದಲಾಗುತ್ತದೆ, ಇಟಿಸಿ ಫೋಲ್ಡರಿನ ಹೋಸ್ಟ್‌ನೇಮ್ ಫೈಲಿನಲ್ಲೂ ಬರೆದುಕೊಳ್ಳುತ್ತದೆ, ರೀಸ್ಟಾರ್ಟ್ ಕೂಡ ಬೇಡ. ಆದರೆ ಅದು ಸರ್ವರು ತನ್ನನ್ನು ತಾನೇ ಕರೆದುಕೊಳ್ಳುವ ಹೆಸರು. ಪಕ್ಕದ ಮೇಜಿನ ಕಂಪ್ಯೂಟರಿಗೆ ಅದನ್ನು ಯಾರೂ ಹೇಳಿಲ್ಲ, ಅಲ್ವಾ?

ಮೊದಲು ಸರ್ವರಿನ ಒಳಗಿನದ್ದೇ ಮುಗಿಸಿ. ಉಬುಂಟು, ಡೆಬಿಯನ್ ಲಿನಕ್ಸ್‌ಗಳಲ್ಲಿ ಹೋಸ್ಟ್ಸ್ ಫೈಲಿನಲ್ಲಿ (ಯಾವ ಹೆಸರಿಗೆ ಯಾವ ಐಪಿ ಅನ್ನುವ ಪಟ್ಟಿ) 127.0.1.1 ಅಂತ ಒಂದು ಸಾಲು ಇರುತ್ತದೆ, ಅದರ ಎದುರು ಹಳೇ ಹೆಸರು ಹಾಗೇ ಉಳಿದಿರುತ್ತದೆ. ಅದನ್ನು ತಿದ್ದದೆ ಬಿಟ್ಟರೆ ಸುಡೋ (ಯಜಮಾನನ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್) ಹೊಡೆದಾಗಲೆಲ್ಲ “ಹೋಸ್ಟ್ ಸಿಗುತ್ತಿಲ್ಲ” ಅಂತ ಗೊಣಗುತ್ತದೆ. ಕ್ಲೌಡ್ ಸರ್ವರ್ (ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಪಡೆದದ್ದು) ಆದರೆ ಇನ್ನೊಂದು ಕಿರಿಕಿರಿ: ನೀವು ಇಟ್ಟ ಹೆಸರನ್ನು ಅದನ್ನು ಸಜ್ಜು ಮಾಡುವ ಕ್ಲೌಡ್-ಇನಿಟ್ ಅನ್ನುವ ಪ್ರೋಗ್ರಾಂ ರೀಬೂಟ್ ಆದಾಗ ಅಳಿಸಿ ಹಾಕಬಹುದು. ಅದರ ಕಾನ್ಫಿಗ್‌ನಲ್ಲಿ “ಪ್ರಿಸರ್ವ್ ಹೋಸ್ಟ್‌ನೇಮ್” ಅನ್ನುವುದನ್ನು ಟ್ರೂ ಮಾಡಿ.

ಈಗ ಹೊರಗಿನವರಿಗೆ ಹೇಳುವ ಕೆಲಸ. ಪ್ರತಿ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಹೆಸರು, ಐಪಿ ಬರೆಯಬಹುದು. ಇಂಟರ್ನೆಟ್ಟಿಗೂ ಮೊದಲಿನ ಅರ್ಪಾನೆಟ್ ಕಾಲದಲ್ಲಿ ಇಡೀ ನೆಟ್‌ವರ್ಕೇ ಹೀಗೆ ನಡೆಯುತ್ತಿತ್ತು, ಎಲ್ಲ ಹೆಸರುಗಳೂ ಒಂದೇ ಫೈಲಿನಲ್ಲಿ. ಅದು ಉದ್ದ ಆಗುತ್ತಾ ಹೋಗಿ ಸುಧಾರಿಸಲಾಗದೆ 1983ರಲ್ಲಿ ಹೆಸರು ಕೇಳಿದರೆ ಐಪಿ ಹೇಳುವ ಡಿಎನ್‌ಎಸ್ ಬಂತು. ಐದು ಕಂಪ್ಯೂಟರಿಗೆ ಡಿಎನ್‌ಎಸ್ ಸರ್ವರ್ ಕಟ್ಟುವುದು ದೊಡ್ಡ ರಗಳೆ. ನಾನು ಸರ್ವರಿನಲ್ಲಿ ಅವಾಹಿ ಅನ್ನುವ ಪ್ರೋಗ್ರಾಂ ಹಾಕಿದೆ. ಅದು ಇದ್ದರೆ ಹೆಸರಿನ ಕೊನೆಗೆ “ಡಾಟ್ ಲೋಕಲ್” ಸೇರಿಸಿ ಕರೆದರೆ ಸಾಕು, ಸರ್ವರೇ ಓ ಅನ್ನುತ್ತದೆ. ಈಗಿನ ವಿಂಡೋಸ್ 10, 11ಕ್ಕೆ ಇದು ಸುಮ್ನೆ ಅರ್ಥವಾಗುತ್ತದೆ. ಈ ಕರೆ ಹೋಗುವ ದಾರಿಯಾದ ಯುಡಿಪಿ 5353 ಪೋರ್ಟನ್ನು ಫೈರ್‌ವಾಲ್ ತಡೆಯಬಾರದು, ಮತ್ತೆ ಈ ಕೂಗು ರೂಟರ್ ದಾಟಿ ಬೇರೆ ನೆಟ್‌ವರ್ಕಿಗೆ ಹೋಗುವುದಿಲ್ಲ.

ಒಂದು ಮಾತು, ಸರ್ವರಿನ ಮುಂದೆಯೇ ಕೂತು ಅದರ ಹೆಸರಿಗೆ ಪಿಂಗ್ ಮಾಡಿ (ಇದ್ದೀಯಾ ಅಂತ ಕೇಳಿ) ಖುಷಿಪಡಬೇಡಿ. ಅದು ತನ್ನ ಹೆಸರಿಗೆ ತಾನೇ ಉತ್ತರ ಕೊಡುತ್ತದೆ. ಬೇರೆ ಕಂಪ್ಯೂಟರಿನಿಂದ ನೋಡಿ.

ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕೆ, ನಡುವೆ ಬೇಕಾದರೆ ಹೈಫನ್, ಇಷ್ಟೇ. ಅಂಡರ್‌ಸ್ಕೋರ್ ಬೇಡವೇ ಬೇಡ. ವಿಂಡೋಸ್ ಜೊತೆ ಫೈಲ್ ಹಂಚುವುದಿದ್ದರೆ 15 ಅಕ್ಷರ ದಾಟಬೇಡಿ, ವಿಂಡೋಸಿನ ಹಳೇ ನೆಟ್‌ಬಯಾಸ್ ಹೆಸರಿನ ಮಿತಿ ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪಿದ್ದು ಬೇರೆ ಕಡೆ. ಊರಿನ ಹೆಸರನ್ನೇ ಇಟ್ಟುಬಿಟ್ಟೆ. ಮಾರನೇ ದಿನ ಮತ್ತೆ ಫೋನು, ಮೂರು ಕಂಪ್ಯೂಟರಿಗೆ ಸಿಗುತ್ತದೆ, ಎರಡಕ್ಕೆ ಸಿಗುವುದಿಲ್ಲ. ಒಂದು ಗಂಟೆ ಕೇಬಲ್ಲು, ಫೈರ್‌ವಾಲು ಎಲ್ಲ ತಡಕಾಡಿದೆ. ಆಮೇಲೆ ಸುಮ್ನೆ ಹಿಂದೆ ನಿಂತು ಅವರು ಟೈಪ್ ಮಾಡುವುದನ್ನು ನೋಡಿದೆ. ನಾನು ಕನ್ನಡದ ಕುಂಬಳೆಗೆ ಕೊನೆಯಲ್ಲಿ ಇಂಗ್ಲಿಷಿನ “ಇ” (e) ಹಾಕಿದ್ದೆ, ಮಲಯಾಳ ಓದಿದ ಆ ಇಬ್ಬರು ಕುಂಬಳ ಅಂತ “ಎ” (a) ಹಾಕುತ್ತಿದ್ದರು. ತಪ್ಪು ಅಂತ ಹೇಳುವುದು ಯಾರಿಗೆ? ನಮ್ಮ ಕಡೆ ಬಸ್ಸಿನ ಬೋರ್ಡುಗಳೇ ಇದರಲ್ಲಿ ಒಂದಾಗಿಲ್ಲ.

ಅಡಿಕೆ ಅಂತ ಇಡೋಣ ಅಂದರು ಅಲ್ಲಿನ ಅಕ್ಕ. ಅದಕ್ಕೂ ಮಲಯಾಳದಲ್ಲಿ ಅಡಕ್ಕ ಅಂತ ಒಂದು ಉಂಟಲ್ಲ! ಕೊನೆಗೆ “ಬಿಲ್1” ಅಂತ ಇಟ್ಟು, ಹಳೇ ಚೀಟಿ ಕಿತ್ತು, ಐದೂ ಮಾನಿಟರಿಗೆ ಹೊಸ ಚೀಟಿ ಅಂಟಿಸಿ ಬಂದೆ.