ಪತ್ರದಲ್ಲಿ ಒಬ್ಬಳೇ ಹೆಂಗಸು

ಹಳೆಯ ತೈಲಚಿತ್ರಗಳನ್ನು ಸರಿಪಡಿಸುವುದು ನನ್ನ ಕಸುಬು. ಚರಿತ್ರೆಯ ಚಿತ್ರವೊಂದು ಎದುರಿಗೆ ಬಂದರೆ ಬಣ್ಣದ ಪದರಕ್ಕೆ ಕೈಹಾಕುವ ಮೊದಲು, ಕಲಾವಿದ ಏನನ್ನು ಓದಿಕೊಂಡು ಕುಂಚ ಹಿಡಿದ ಎಂದು ಹುಡುಕುತ್ತೇನೆ. ಕಲಿಯಲು ಬಂದವರಿಗೆ ಇದನ್ನು ತೋರಿಸಿಕೊಡಲು ನಾನು ಆರಿಸಿಕೊಳ್ಳುವುದು ಬ್ರೆಜಿಲ್‌ನ ಕಲಾವಿದ ವಿಕ್ಟರ್ ಮೆಯ್ರೆಲಿಸ್‌ನ ‘ಬ್ರೆಜಿಲ್‌ನ ಮೊದಲ ಬಲಿಪೂಜೆ’. ಬಲಿಪೂಜೆ ಎಂದರೆ ಕ್ರೈಸ್ತರ ಆರಾಧನೆ, ‘ಮಾಸ್’.

ರಿಯೊ ಡಿ ಜನೈರೊದ ರಾಷ್ಟ್ರೀಯ ಲಲಿತಕಲಾ ಸಂಗ್ರಹಾಲಯದಲ್ಲಿರುವ ಈ ಚಿತ್ರ ಸುಮಾರು 268 ಸೆಂ.ಮೀ. ಎತ್ತರ, 356 ಸೆಂ.ಮೀ. ಅಗಲ. ದೊಡ್ಡ ಮರದ ಶಿಲುಬೆಯ ಮುಂದೆ ಬೆಳಕು ತುಂಬಿದೆ. ಬಲಿಪೀಠದ ಎದುರು ಗುರುಗಳು ತೋಳೆತ್ತಿದ್ದಾರೆ, ಪೋರ್ಚುಗೀಸರು ಮಂಡಿಯೂರಿದ್ದಾರೆ. ಸುತ್ತಲ ನೆರಳಿನಲ್ಲಿ ಸ್ಥಳೀಯ ತುಪಿನಿಕಿಂ ಜನ: ಕುಳಿತವರು, ಕೈ ತೋರಿ ಬೆರಗಾದವರು, ಮಗುವನ್ನು ಹಿಡಿದ ಹೆಂಗಸರು.

ಮೆಯ್ರೆಲಿಸ್ ಇದನ್ನು 1860ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಬಿಡಿಸಿದ. ಅವನಿಗಿದ್ದ ಆಧಾರ, ಪೋರ್ಚುಗೀಸ್ ನಾವಿಕ ಕಬ್ರಾಲ್‌ನ ನೌಕಾಪಡೆಯಲ್ಲಿದ್ದ ಪೆರೊ ವಾಜ್ ದೆ ಕಮಿನ್ಯ 1500ರ ಮೇ 1ರಂದು ಪೋರ್ಚುಗಲ್‌ನ ದೊರೆಗೆ ಬರೆದ ಪತ್ರ. ಆ ಪತ್ರವನ್ನು ಚಿತ್ರದ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಏಪ್ರಿಲ್ 26ರ ಮೊದಲ ಪೂಜೆ ನಡೆದದ್ದು ಪುಟ್ಟ ನಡುಗಡ್ಡೆಯಲ್ಲಿ. ದೊಡ್ಡ ಶಿಲುಬೆ ನೆಟ್ಟದ್ದು ಮೇ 1ರ ಎರಡನೆಯ ಪೂಜೆಗೆ. ಹೆಸರು ಮೊದಲನೆಯದ್ದು, ನೋಟ ಎರಡನೆಯದ್ದು!

ಆ ಎರಡನೆಯ ಪೂಜೆಗೆ ಬಂದಿದ್ದವಳು ಒಬ್ಬಳೇ ಯುವತಿ ಎನ್ನುತ್ತಾನೆ ಕಮಿನ್ಯ. ಮೈ ಮುಚ್ಚಿಕೊಳ್ಳಲೆಂದು ಅವಳಿಗೊಂದು ಬಟ್ಟೆ ಕೊಟ್ಟರಂತೆ; ಕೂರುವಾಗ ಅದನ್ನು ಎಳೆದುಕೊಳ್ಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಇಷ್ಟು ಜೀವಂತವಾದ ವಿವರ ಬೇರೆಲ್ಲಿ ಸಿಕ್ಕೀತು? ಚಿತ್ರದಲ್ಲಿ ಆ ಒಬ್ಬಳು ಕಳೆದುಹೋಗಿ, ಹಲವು ಹೆಂಗಸರು ಬಂದು ಸೇರಿದ್ದಾರೆ.

ಇನ್ನೊಂದು ಬದಲಾವಣೆ ನನ್ನನ್ನು ಹೆಚ್ಚು ಕಾಡುತ್ತದೆ. ಪತ್ರದ ಪ್ರಕಾರ ಬೈಬಲ್‌ನ ಶುಭಸಂದೇಶ ಓದುವಾಗ ಊರಿನವರೂ ಎದ್ದುನಿಂತು ಕೈಯೆತ್ತಿದರು. ಪ್ರಸಾದವನ್ನು ಮೇಲೆತ್ತಿದಾಗ ಅತಿಥಿಗಳಂತೆಯೇ ಮಂಡಿಯೂರಿ ಸುಮ್ಮನಾದರು. ಮೆಯ್ರೆಲಿಸ್ ಅದೇ ಗಳಿಗೆಯನ್ನು ಆರಿಸಿಕೊಂಡ, ಆದರೆ ಅವರನ್ನು ಸುತ್ತ ನೆರೆದ ಪ್ರೇಕ್ಷಕರನ್ನಾಗಿಸಿದ. ಪರಕೀಯರು ಮಾಡಿದಂತೆ ತಾವೂ ಮಾಡಿದ ಆ ಜನರ ಸೌಜನ್ಯ ಅಳಿಸಿಹೋಗಿ ಬರೀ ಬೆರಗು ಉಳಿಯಿತು. ಎರಡನೆಯ ಪೆದ್ರೊ ಚಕ್ರವರ್ತಿಯ ಬ್ರೆಜಿಲ್‌ಗೆ ತನ್ನ ಹುಟ್ಟಿನ ಚಿತ್ರವೊಂದು ಬೇಕಿತ್ತು. ಅದರಲ್ಲಿ ಬೆಳಕು ಎಲ್ಲಿಂದ ಬರಬೇಕು ಎನ್ನುವುದೂ ಮೊದಲೇ ತೀರ್ಮಾನವಾಗಿತ್ತು.

ಆ ಹಡಗುಗಳು ಹೊರಟಿದ್ದು ಕಲ್ಲಿಕೋಟೆಗೆ. ಅದೇ ವರ್ಷದ ಆಗಸ್ಟ್‌ನಲ್ಲಿ ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ತಂಗಿದವು. ಚಿತ್ರದಲ್ಲಿ ಪೂಜೆ ಅರ್ಪಿಸುತ್ತಿರುವ ಸನ್ಯಾಸಿ ಹೆನ್ರಿಕ್ ಕೂಡ ಈ ಪಯಣದಲ್ಲಿದ್ದ.

ಬ್ರೆಜಿಲ್ ಬಿಡುವಾಗ ಕಬ್ರಾಲ್ ಇಬ್ಬರು ಅಪರಾಧಿಗಳನ್ನು ದಡದಲ್ಲೇ ಬಿಟ್ಟುಹೋದ. ಅವರು ಅಳತೊಡಗಿದರು, ಊರಿನವರು ಸಮಾಧಾನ ಮಾಡಿದರು ಎಂದು ಅದೇ ಪಯಣದ ಇನ್ನೊಬ್ಬ ಬರೆದಿದ್ದಾನೆ. ಮೆಯ್ರೆಲಿಸ್‌ನ ಚಿತ್ರ ನೋಡುವಾಗಲೆಲ್ಲ ಅದರಲ್ಲಿಲ್ಲದ ಆ ದಡವೇ ನನ್ನ ಕಣ್ಣಿಗೆ ಕಟ್ಟುತ್ತದೆ.