ಉಪನ್ಯಾಸ ಪರದೆಗೆ, ಮಾತುಕತೆ ಮೊಗಸಾಲೆಗೆ

2012ರ ಆಗಸ್ಟ್ ಕೊನೆಯ ವಾರ ಅಮೆರಿಕದ ರಾಜ್ಯಶಾಸ್ತ್ರಜ್ಞರ ವಾರ್ಷಿಕ ಸಮ್ಮೇಳನ ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆಯಬೇಕಿತ್ತು. ಗೋಷ್ಠಿಗಳ ಪಟ್ಟಿ ಸಿದ್ಧವಾಗಿತ್ತು, ಸಾವಿರಾರು ಜನ ಹೊರಡಲು ಅಣಿಯಾಗಿದ್ದರು. ಅಷ್ಟರಲ್ಲಿ ಐಸಾಕ್ ಚಂಡಮಾರುತ ಆ ಊರಿನತ್ತ ತಿರುಗಿತು. ಆರಂಭಕ್ಕೆ ಎರಡು ದಿನ ಇದೆ ಎನ್ನುವಾಗ ಸಮ್ಮೇಳನ ರದ್ದಾಯಿತು. ಯಾರೂ ಬಯಸದ ಈ ರದ್ದತಿ ಮೂವರು ಅರ್ಥಶಾಸ್ತ್ರಜ್ಞರಿಗೆ ಪ್ರಕೃತಿಯೇ ಮಾಡಿಕೊಟ್ಟ ಪ್ರಯೋಗವಾಯಿತು. ಬರಬೇಕಿದ್ದವರ ಹೆಸರು ಪಟ್ಟಿಯಲ್ಲಿತ್ತು. ಅವರು ಮುಂದಿನ ವರ್ಷಗಳಲ್ಲಿ ಯಾರ ಜೊತೆ ಸೇರಿ ಪ್ರಬಂಧ ಬರೆದರು ಎಂಬುದನ್ನು ಹುಡುಕಿ ತೆಗೆದು, ಎಂದಿನಂತೆ ನಡೆದ ಇನ್ನೊಂದು ಸಮ್ಮೇಳನದವರೊಂದಿಗೆ ಹೋಲಿಸಿ ನೋಡಿದರು. ಭೇಟಿ ತಪ್ಪಿದವರಲ್ಲಿ ಜೊತೆಗೂಡಿ ಬರೆಯುವ ಸಾಧ್ಯತೆ ಶೇ 16ರಷ್ಟು ಕುಸಿದಿತ್ತು.

ಅವರ ಬಳಿ ಇಮೇಲ್ ಇತ್ತು, ಫೋನ್ ಇತ್ತು. ಒಬ್ಬರ ಬರಹವನ್ನು ಇನ್ನೊಬ್ಬರು ತರಿಸಿಕೊಂಡು ಓದಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಪರಿಚಯವೇ ಇಲ್ಲದವರಿಗೆ ಯಾರು ತಾನೇ ಇಮೇಲ್ ಬರೆಯುತ್ತಾರೆ?

ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ನಡೆದ ಇನ್ನೊಂದು ಪ್ರಯೋಗ ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಲು ಆಸಕ್ತಿಯಿದ್ದ ಸುಮಾರು 400 ಸಂಶೋಧಕರನ್ನು ಒಂದೂವರೆ ಗಂಟೆಯ ಸಭೆಗಳಿಗೆ ಕರೆಯಲಾಯಿತು. ಯಾರು ಯಾವ ಕೋಣೆಗೆ ಹೋಗಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದರು. ಒಂದೇ ಕೋಣೆಗೆ ಬಂದಿದ್ದ ಇಬ್ಬರು ಮುಂದೆ ಜಂಟಿಯಾಗಿ ಅರ್ಜಿ ಹಾಕುವ ಸಾಧ್ಯತೆ, ಬೇರೆ ಬೇರೆ ಕೋಣೆಗಳಲ್ಲಿದ್ದವರಿಗಿಂತ ಶೇ 75ರಷ್ಟು ಹೆಚ್ಚಿತ್ತು. ಇವರೆಲ್ಲ ಒಂದೇ ಸಂಸ್ಥೆಯ ಬಳಗಕ್ಕೆ ಸೇರಿದವರು. ಇವರನ್ನು ಬೇರ್ಪಡಿಸಿದ್ದು ದೂರವಲ್ಲ, ಅಪರಿಚಯ. ಅದನ್ನು ಕಳೆಯಲು ಒಂದೂವರೆ ಗಂಟೆ ಸಾಕಾಯಿತು.

ಕೋವಿಡ್ ಕಾಲದ ವೆಬಿನಾರ್‌ಗಳ ಪ್ರವಾಹ ಇಳಿದ ಮೇಲೆ ನಮ್ಮಲ್ಲಿ ಎರಡು ಪಂಗಡಗಳು ಉಳಿದುಕೊಂಡಿವೆ. ಆನ್‌ಲೈನ್ ಕಾರ್ಯಕ್ರಮ ಬರೀ ಅನಿವಾರ್ಯದ ಪರಿಹಾರವಾಗಿತ್ತು, ಇನ್ನು ಸಾಕು ಎನ್ನುವವರು ಒಂದು ಕಡೆ. ಎಲ್ಲವೂ ಪರದೆಯಲ್ಲೇ ಆಗುವಾಗ ಸಭಾಂಗಣದ ಬಾಡಿಗೆ, ಪ್ರಯಾಣ, ಊಟದ ಖರ್ಚು ಏಕೆ ಎನ್ನುವವರು ಇನ್ನೊಂದು ಕಡೆ. ನನಗೆ ಎರಡೂ ವಾದಗಳು ಒಪ್ಪಿಗೆಯಿಲ್ಲ. ಮುಖಾಮುಖಿ ಭೇಟಿಗೆ ಒಂದು ಕೆಲಸ ಒಗ್ಗುತ್ತದೆ, ಪರದೆಗೆ ಇನ್ನೊಂದು. ನಾವು ಇಷ್ಟು ವರ್ಷ ಈ ಎರಡನ್ನೂ ಅದಲುಬದಲು ಮಾಡಿಕೊಂಡೇ ಕಾರ್ಯಕ್ರಮ ನಡೆಸುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ.

ಯಾವ ಕೆಲಸ ಯಾವುದಕ್ಕೆ ಒಗ್ಗುತ್ತದೆ ಎಂಬುದಕ್ಕೆ 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಅವರ ಅಧ್ಯಯನದಲ್ಲಿ ಒಳ್ಳೆಯ ಉತ್ತರವಿದೆ. ಅವರು ಜನರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದರು. ಕೆಲವು ಜೋಡಿಗಳು ಒಂದೇ ಕೋಣೆಯಲ್ಲಿ ಕುಳಿತವು, ಉಳಿದವು ವಿಡಿಯೊ ಕರೆಯಲ್ಲಿ ಸೇರಿದವು. ಮಕ್ಕಳು ಎಸೆದಾಡುವ ಫ್ರಿಸ್ಬಿ ತಟ್ಟೆಯಂಥ ಸಾಮಾನ್ಯ ವಸ್ತುವನ್ನು ಇನ್ನೇನೇನಕ್ಕೆಲ್ಲ ಬಳಸಬಹುದು ಎಂದು ಯೋಚಿಸುವುದು ಮೊದಲ ಕೆಲಸ. ಹೊಳೆದ ಉಪಾಯಗಳಲ್ಲಿ ಅತ್ಯುತ್ತಮವಾದುದನ್ನು ಆರಿಸುವುದು ಎರಡನೆಯದು. ಮೊದಲ ಕೆಲಸದಲ್ಲಿ ವಿಡಿಯೊ ಜೋಡಿಗಳು ಹಿಂದೆ ಬಿದ್ದವು. ಎರಡನೆಯದರಲ್ಲಿ ಅವು ಯಾವ ರೀತಿಯಲ್ಲೂ ಹಿಂದೆ ಉಳಿಯಲಿಲ್ಲ. ಐದು ದೇಶಗಳಲ್ಲಿ ಕಚೇರಿಗಳಿರುವ ದೂರಸಂಪರ್ಕ ಕಂಪನಿಯೊಂದರ ಸುಮಾರು 1,500 ಎಂಜಿನಿಯರುಗಳನ್ನು ಬಳಸಿಕೊಂಡು ಪರೀಕ್ಷಿಸಿದಾಗಲೂ ವಿಡಿಯೊ ಜೋಡಿಗಳಿಗೆ ಹೊಳೆದ ಉಪಾಯಗಳು ಕಡಿಮೆಯೇ ಇದ್ದವು. ಆ ಐದು ದೇಶಗಳಲ್ಲಿ ಭಾರತವೂ ಒಂದು.

ಕಾರಣವನ್ನು ಅವರು ಹುಡುಕಿದ ಬಗೆ ನನಗೆ ಬಹಳ ಹಿಡಿಸಿತು. ಕೋಣೆಯಲ್ಲಿ ಬೇಕೆಂದೇ ಕೆಲವು ವಿಚಿತ್ರ ವಸ್ತುಗಳನ್ನು ಇಟ್ಟಿದ್ದರು: ನಿಂಬೆಹಣ್ಣು ತುಂಬಿದ ಬಟ್ಟಲು, ಅಸ್ಥಿಪಂಜರದ ಚಿತ್ರ, ದೊಡ್ಡದೊಂದು ಗಿಡ. ಮಾತುಕತೆ ಮುಗಿದ ಮೇಲೆ ಕೋಣೆಯಲ್ಲಿ ಏನೇನಿತ್ತು ಎಂದು ಕೇಳಿದರು. ಕಣ್ಣು ಎತ್ತ ತಿರುಗುತ್ತದೆ ಎಂಬುದನ್ನೂ ಅಳೆದರು. ವಿಡಿಯೊ ಕರೆಯಲ್ಲಿದ್ದವರು ಎದುರಿನವರ ಮುಖವನ್ನೇ ಹೆಚ್ಚು ಹೊತ್ತು ನೋಡುತ್ತಿದ್ದರು. ಕೋಣೆಯ ವಸ್ತುಗಳು ಅವರ ನೆನಪಿನಲ್ಲಿ ಅಷ್ಟಾಗಿ ಉಳಿದಿರಲಿಲ್ಲ. ಎದುರಾ ಎದುರು ಕುಳಿತವರ ದೃಷ್ಟಿ ಅತ್ತಿತ್ತ ಅಲೆಯುತ್ತಿತ್ತು. ದೃಷ್ಟಿ ಅಲೆದರೆ ಮನಸ್ಸೂ ಅಲೆಯುತ್ತದೆ, ಅಲೆಯುವ ಮನಸ್ಸಿಗೆ ಹೊಸ ಸಂಬಂಧಗಳು ಹೊಳೆಯುತ್ತವೆ. ಪರದೆಯ ಚೌಕಟ್ಟು ಕಣ್ಣನ್ನು ಕಟ್ಟಿಹಾಕಿದಾಗ ಗಮನವೇನೋ ಸಿಗುತ್ತದೆ, ಅಲೆದಾಟ ತಪ್ಪಿಹೋಗುತ್ತದೆ. ಅಂದ ಮೇಲೆ ಗಮನ ಬೇಡುವ ಕೆಲಸವನ್ನು ಪರದೆಗೆ ಧಾರಾಳವಾಗಿ ಒಪ್ಪಿಸಬಹುದು.

ಮಾತಿನ ಲಯದ ಪ್ರಶ್ನೆಯೂ ಇದೆ. ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಎದುರಾ ಎದುರು ಕುಳಿತಾಗ ಸರಾಸರಿ 135 ಮಿಲಿಸೆಕೆಂಡ್ ಇದ್ದುದು ಝೂಮ್ ಕರೆಯಲ್ಲಿ 487 ಮಿಲಿಸೆಕೆಂಡಿಗೆ ಏರಿತ್ತು ಎಂದು ಅದೇ ವರ್ಷದ ಮತ್ತೊಂದು ಅಧ್ಯಯನ ಕಂಡುಕೊಂಡಿತು. ಸೆಕೆಂಡಿನ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಕೇಳಲು ಅಲ್ಪವೆನಿಸುತ್ತದೆ. ಆದರೆ ಸಂಭಾಷಣೆಯಲ್ಲಿ ನಾವು ಎದುರಿನವರ ಮಾತು ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಊಹಿಸಿ ಬಾಯಿ ತೆರೆಯಲು ಸಿದ್ಧರಾಗಿರುತ್ತೇವೆ. ಆ ಲೆಕ್ಕ ಸ್ವಲ್ಪ ತಪ್ಪಿದರೂ ಇಬ್ಬರೂ ಒಮ್ಮೆಲೇ ಮಾತಿಗೆ ತೊಡಗುತ್ತಾರೆ, ಇಬ್ಬರೂ ಒಮ್ಮೆಲೇ ನಿಲ್ಲಿಸುತ್ತಾರೆ. ಹರಟೆಗೆ ಇದು ಮಾರಕ. ಉಪನ್ಯಾಸಕ್ಕೆ ಇದರಿಂದ ಏನೂ ಆಗುವುದಿಲ್ಲ, ಅಲ್ಲಿ ಮಾತನಾಡುವವರು ಒಬ್ಬರೇ.

ಈಗ ನಮ್ಮ ವಿಚಾರ ಸಂಕಿರಣಗಳ ವೇಳಾಪಟ್ಟಿಯನ್ನು ನೋಡಿ. ಬೆಳಿಗ್ಗೆ ಉದ್ಘಾಟನೆ, ಸನ್ಮಾನ, ಅಧ್ಯಕ್ಷರ ಭಾಷಣ, ನಂತರ ಸಾಲಾಗಿ ಉಪನ್ಯಾಸಗಳು. ಪ್ರಶ್ನೆಗೆ ಐದು ನಿಮಿಷ, ಅದೂ ಸಮಯವಿದ್ದರೆ. ಕಾಫಿ ವಿರಾಮ ಹದಿನೈದು ನಿಮಿಷ. ಹಿಂದಿನ ಗೋಷ್ಠಿ ತಡವಾದರೆ ಅದಕ್ಕೂ ಕತ್ತರಿ. ದೂರದ ಊರುಗಳಿಂದ ಜನರನ್ನು ಕರೆಸಿ, ಅವರ ಸಮಯದ ಬಹುಪಾಲನ್ನು ಪರದೆಯಲ್ಲಿ ಅಷ್ಟೇ ಚೆನ್ನಾಗಿ ಸಾಗುವ ಉಪನ್ಯಾಸಕ್ಕೆ ಕೊಡುತ್ತೇವೆ. ಪರದೆಯಲ್ಲಿ ಆಗಲಾರದ ಒಂದೇ ಒಂದು ಕೆಲಸಕ್ಕೆ, ಅಂದರೆ ಅಪರಿಚಿತರು ಪರಿಚಿತರಾಗುವುದಕ್ಕೆ, ಮೊಗಸಾಲೆಯಲ್ಲಿ ಕಾಲು ಗಂಟೆ! ಇದನ್ನು ತಿರುಗಿಸಬೇಕು. ಉಪನ್ಯಾಸಗಳ ವಿಡಿಯೊ ವಾರದ ಮೊದಲೇ ಎಲ್ಲರ ಕೈಗೆ ಸಿಗಲಿ, ನೋಡಿಕೊಂಡು ಬರಲಿ. ಸೇರಿದ ದಿನ ಚರ್ಚೆ, ತಕರಾರು, ಒಟ್ಟಿಗೆ ಊಟ, ಸಣ್ಣ ಗುಂಪುಗಳಲ್ಲಿ ಕೆಲಸ ನಡೆಯಲಿ.

ಹಾಗೆಂದು ಪರದೆಯನ್ನು ಬರೀ ಉಪನ್ಯಾಸದ ಪೆಟ್ಟಿಗೆ ಎಂದು ಬದಿಗಿಡುವಂತಿಲ್ಲ. ಸಭಾಂಗಣದ ಬಾಗಿಲು ಯಾರಿಗೆ ತೆರೆದಿದೆ ಎಂಬುದು ದೊಡ್ಡ ಪ್ರಶ್ನೆ. 2022ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ನಡೆದಾಗ, ಆಫ್ರಿಕಾ ಮತ್ತಿತರ ದೇಶಗಳ ಅನೇಕ ಪ್ರತಿನಿಧಿಗಳಿಗೆ ವೀಸಾ ಸಿಗಲಿಲ್ಲ. ಏಡ್ಸ್‌ನಿಂದ ಹೆಚ್ಚು ಬಳಲಿದ ನಾಡುಗಳ ಜನರೇ ಏಡ್ಸ್ ಕುರಿತ ಚರ್ಚೆಯಿಂದ ಹೊರಗುಳಿಯುವುದು ಎಂಥ ಅನ್ಯಾಯ! ಆನ್‌ಲೈನ್ ಭಾಗವೂ ಇದ್ದುದರಿಂದ ಅಂಥವರಿಗೆ ಕೇಳುವ, ಹೇಳುವ ದಾರಿಯಾದರೂ ಉಳಿದಿತ್ತು. ಕೋವಿಡ್‌ನಿಂದಾಗಿ ಆನ್‌ಲೈನಿಗೆ ಸರಿದ ಮೂರು ವಿಜ್ಞಾನ ಸಮ್ಮೇಳನಗಳನ್ನು ಅವುಗಳ ಹಿಂದಿನ ಆವೃತ್ತಿಗಳೊಂದಿಗೆ ಹೋಲಿಸಿದ ಸಂಶೋಧಕರಿಗೆ ಮಹಿಳೆಯರು ಮತ್ತು ವಿದ್ಯಾರ್ಥಿಗಳ ಹಾಜರಾತಿ ಎದ್ದು ಕಾಣುವಂತೆ ಏರಿದ್ದು ಕಂಡಿತು. ಹಸುಗೂಸನ್ನು ಬಿಟ್ಟು ಹೊರಡಲಾಗದ ಸಂಶೋಧಕಿ, ರಜೆ ಸಿಗದ ತಾಲ್ಲೂಕು ಕಾಲೇಜಿನ ಅಧ್ಯಾಪಕರು, ಬೀದರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕಾದ ವಿದ್ಯಾರ್ಥಿ, ಇವರ ಹೆಸರು ಹಳೆಯ ಹಾಜರಿ ಪುಸ್ತಕಗಳಲ್ಲಿ ಇರುತ್ತಲೇ ಇರಲಿಲ್ಲ. ಸಭೆಯಲ್ಲಿ ಎದ್ದುನಿಂತು ಮಾತನಾಡಲು ಅಳುಕುವವರೂ ಆನ್‌ಲೈನ್‌ನಲ್ಲಿ ಪ್ರಶ್ನೆಯನ್ನು ಬರೆದು ಕೇಳಿಬಿಡುತ್ತಾರೆ.

ಭೂಮಿಗೆ ಬೀಳುವ ಹೊರೆಯನ್ನೂ ಮರೆಯುವಂತಿಲ್ಲ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂವಿಜ್ಞಾನಿಗಳ ಸಂಘವಾದ ಅಮೆರಿಕನ್ ಜಿಯೊಫಿಸಿಕಲ್ ಯೂನಿಯನ್ ನಡೆಸಿದ ಸಮ್ಮೇಳನಕ್ಕೆ ಸುಮಾರು 28,000 ಜನ ಬಂದಿದ್ದರು. ಅವರು ಹೋಗಿಬಂದ ದೂರವನ್ನೆಲ್ಲ ಕೂಡಿದರೆ 28.5 ಕೋಟಿ ಕಿಲೋಮೀಟರ್. ಭೂಮಿಯಿಂದ ಸೂರ್ಯನಿಗಿರುವ ದೂರದ ಹತ್ತಿರಹತ್ತಿರ ಎರಡು ಪಟ್ಟು. ಹೊರಬಿದ್ದದ್ದು 80,000 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ. ಅವರಲ್ಲಿ ಹಲವರು ಹವಾಮಾನ ಬದಲಾವಣೆಯನ್ನೇ ಅಧ್ಯಯನ ಮಾಡುವವರು. ಈ ಲೆಕ್ಕ ಹಾಕಿದ ವಿಜ್ಞಾನಿಗಳು ಪ್ರಯಾಣವನ್ನೇ ನಿಲ್ಲಿಸಿ ಎನ್ನಲಿಲ್ಲ. ಬಹಳ ದೂರದವರು ಆನ್‌ಲೈನ್‌ನಲ್ಲಿ ಸೇರಲಿ, ಒಂದೇ ಊರಿನ ಬದಲು ಬೇರೆ ಬೇರೆ ಖಂಡಗಳಲ್ಲಿ ಕೇಂದ್ರಗಳಿರಲಿ, ಪ್ರತಿಯೊಬ್ಬರೂ ತಮಗೆ ಹತ್ತಿರದ ಕೇಂದ್ರಕ್ಕೆ ಹೋಗಲಿ ಎಂದರು.

ಈ ಕೇಂದ್ರಗಳ ಉಪಾಯವೇ ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು. 2020ರ ಜನವರಿಯಲ್ಲಿ, ಜಗತ್ತು ಇನ್ನೂ ಬೀಗ ಹಾಕಿಕೊಳ್ಳುವ ಮೊದಲೇ, ಬೆಳಕಿನ ವಿಜ್ಞಾನದ ಸಂಶೋಧಕರು ‘ಫೋಟಾನಿಕ್ಸ್ ಆನ್‌ಲೈನ್ ಮೀಟಪ್’ ಎಂಬ ಒಂದೇ ದಿನದ ಸಮ್ಮೇಳನವನ್ನು ಪೂರ್ತಿ ಆನ್‌ಲೈನ್‌ನಲ್ಲಿ ನಡೆಸಿದರು. ಆದರೆ ಬಂದವರೆಲ್ಲ ಒಬ್ಬೊಬ್ಬರೇ ತಮ್ಮ ಪರದೆಯ ಮುಂದೆ ಕೂರಲಿಲ್ಲ. ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರು ಒಂದು ಕೋಣೆಯಲ್ಲಿ ಸೇರಿ, ಒಟ್ಟಿಗೆ ನೋಡಿ, ಒಟ್ಟಿಗೆ ಚರ್ಚಿಸಿದರು. ಉಪನ್ಯಾಸ ದೂರದಿಂದ ಬಂತು, ಮಾತುಕತೆ ಪಕ್ಕದ ಕುರ್ಚಿಯಲ್ಲಿ ನಡೆಯಿತು.

ನಮಗೂ ಇದರ ಅನುಭವವಿದೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಇಸ್ರೊದ ಯೂಟ್ಯೂಬ್ ನೇರ ಪ್ರಸಾರವನ್ನು ಏಕಕಾಲದಲ್ಲಿ 80 ಲಕ್ಷಕ್ಕೂ ಹೆಚ್ಚು ಪರದೆಗಳಲ್ಲಿ ವೀಕ್ಷಿಸಲಾಗುತ್ತಿತ್ತು. ಎಷ್ಟೋ ಪರದೆಗಳ ಮುಂದೆ ಒಬ್ಬರಲ್ಲ, ಇಡೀ ಶಾಲೆಯೇ ನೆರೆದಿತ್ತು. ಬೆಂಗಳೂರಿನ ನಿಯಂತ್ರಣ ಕೊಠಡಿಯೊಳಗೆ ಆ ಮಕ್ಕಳು ಹೋಗುವುದು ಸಾಧ್ಯವಿರಲಿಲ್ಲ. ಒಟ್ಟಾಗಿ ಉಸಿರು ಬಿಗಿಹಿಡಿಯುವುದು, ಒಟ್ಟಾಗಿ ಕೂಗುವುದು ಸಾಧ್ಯವಿತ್ತು. ಮುಗಿದ ಮೇಲೆ ವಿಜ್ಞಾನದ ಮೇಷ್ಟರನ್ನು ಸುತ್ತುವರಿದು, ದಕ್ಷಿಣ ಧ್ರುವದ ಕಡೆಗೇ ಏಕೆ ಇಳಿಸಿದರು ಎಂದು ಕೇಳುವುದೂ ಸಾಧ್ಯವಿತ್ತು.

ಹೆಸರಘಟ್ಟದ ಬಳಿಯಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವು ತನ್ನ ಸಾರ್ವಜನಿಕ ಉಪನ್ಯಾಸಗಳನ್ನೂ ಕಾರ್ಯಾಗಾರಗಳನ್ನೂ ಯೂಟ್ಯೂಬಿನಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಕಾರವಾರದಲ್ಲೋ ಕಲಬುರಗಿಯಲ್ಲೋ ಭೌತವಿಜ್ಞಾನ ವಿಭಾಗದವರು ತಿಂಗಳಿಗೊಂದು ಸಂಜೆ ಅಂಥ ಒಂದು ಉಪನ್ಯಾಸವನ್ನು ಒಟ್ಟಿಗೆ ಕುಳಿತು ನೋಡಿ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಚರ್ಚಿಸಿದರೆ ಅದು ಪೂರ್ಣ ಪ್ರಮಾಣದ ವಿಜ್ಞಾನ ಗೋಷ್ಠಿಯೇ. ಹೊರದೇಶಗಳಲ್ಲಿ ಸಂಶೋಧನೆ ಮಾಡುತ್ತಿರುವ ಕನ್ನಡಿಗರಲ್ಲಿ ಒಬ್ಬರನ್ನು ಅರ್ಧ ಗಂಟೆ ಪ್ರಶ್ನೋತ್ತರಕ್ಕೆ ಪರದೆಯ ಮೇಲೆ ಕರೆದರೆ, ಬೇಕಾಗುವ ಖರ್ಚು ಸಂಪರ್ಕದ್ದಷ್ಟೇ.

ಎರಡನ್ನೂ ಬೆರೆಸುವಾಗ ಸೋಲುವುದು ಹೆಚ್ಚಾಗಿ ಧ್ವನಿಯಲ್ಲಿ. ಸಂಘಟಕರು ಕ್ಯಾಮೆರಾಕ್ಕೆ ಹಣ ಸುರಿದು ಮೈಕನ್ನು ಕಡೆಗಣಿಸುತ್ತಾರೆ. 2018ರ ಒಂದು ಪ್ರಯೋಗದಲ್ಲಿ ಒಂದೇ ಉಪನ್ಯಾಸವನ್ನು ಕೆಲವರಿಗೆ ಸ್ವಚ್ಛ ಧ್ವನಿಯಲ್ಲಿ, ಕೆಲವರಿಗೆ ಕೆಟ್ಟ ಧ್ವನಿಯಲ್ಲಿ ಕೇಳಿಸಿದರು. ಧ್ವನಿ ಕೆಟ್ಟಿದ್ದಾಗ ಕೇಳುಗರಿಗೆ ಉಪನ್ಯಾಸಕರೂ ಅಷ್ಟು ಸಮರ್ಥರೆನಿಸಲಿಲ್ಲ, ಅವರ ಸಂಶೋಧನೆಯೂ ಅಷ್ಟು ಮುಖ್ಯವೆನಿಸಲಿಲ್ಲ. ಮಾತು ಅದೇ, ವಿಷಯ ಅದೇ! ಸಭಿಕರು ಮೈಕಿಲ್ಲದೆ ಪ್ರಶ್ನೆ ಕೇಳಿದರೆ ದೂರದಲ್ಲಿ ಕುಳಿತವರಿಗೆ ಉತ್ತರ ಮಾತ್ರ ಕೇಳಿಸುತ್ತದೆ. ಅದಕ್ಕೇ ಪ್ರಶ್ನೆ ಕೇಳುವವರ ಕೈಗೊಂದು ಮೈಕ್ ಇರಲಿ. ಪರದೆಯಾಚೆಯ ಪ್ರಶ್ನೆಗಳನ್ನು ಸಭೆಗೆ ಓದಿ ಹೇಳುವ ಕೆಲಸಕ್ಕೆ ಒಬ್ಬರನ್ನು ನೇಮಿಸಿ, ಮೊದಲ ಪ್ರಶ್ನೆಯ ಸರದಿಯನ್ನು ದೂರದವರಿಗೇ ಕೊಡಿ. ಕಾರ್ಯಕ್ರಮ ಮುಗಿದ ತಿಂಗಳೊಳಗೆ, ಅಲ್ಲಿ ಪರಿಚಯವಾದವರಿಗಾಗಿ ಇನ್ನೊಂದು ಸಣ್ಣ ಆನ್‌ಲೈನ್ ಸಭೆಯ ದಿನಾಂಕವನ್ನು ಊಟದ ಹೊತ್ತಿನಲ್ಲೇ ಗೊತ್ತುಮಾಡಿಬಿಡಿ.